ಎಲ್ಲೆಲ್ಲೂ ದೇವರು, ಎಲ್ಲವೂ ದೇವರೇ: ಎರಡೂ ಒಂದೇನಾ?

ಪ್ರಶ್ನೆ: ನಮ್ಮದು ಮೂರು ತಲೆಮಾರಿನಿಂದ ಕ್ರೈಸ್ತ ಕುಟುಂಬ. ಮಗಳು ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದಾಳೆ. ಎರಡು ವರ್ಷದಿಂದ ಚರ್ಚಿಗೆ ಬರುವುದು ಬಿಟ್ಟಿದ್ದಾಳೆ. ಕೇಳಿದರೆ, "ಅಮ್ಮ, ದೇವರು ಬೇರೆ ನಾವು ಬೇರೆ ಅಲ್ಲ, ಎಲ್ಲವೂ ದೇವರೇ. ಯೂನಿವರ್ಸ್ ನನ್ನನ್ನು ನೋಡಿಕೊಳ್ಳುತ್ತೆ" ಅನ್ನುತ್ತಾಳೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಬೆಳಿಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ರಾತ್ರಿ ಒಂಬತ್ತು ಸಲ ತನ್ನ ಆಸೆಯನ್ನು ಬರೆಯುತ್ತಾಳೆ. ನಮ್ಮ ಪಾಸ್ಟರ್ ಕೂಡ 'ದೇವರು ಎಲ್ಲೆಲ್ಲೂ ಇದ್ದಾನೆ' ಅಂತಲೇ ಹೇಳುವುದು. ಹಾಗಾದರೆ ಇವೆರಡೂ ಒಂದೇ ಅಲ್ವಾ? ವ್ಯತ್ಯಾಸ ಇದ್ದರೆ ಅದು ಅಷ್ಟು ಮುಖ್ಯವಾ? ಆ ನೋಟ್‌ಬುಕ್ ಎತ್ತಿ ಬಿಸಾಡಬೇಕು ಅನ್ನಿಸುತ್ತೆ. ಏನು ಮಾಡಲಿ?

ಉತ್ತರ:

ಪ್ರಿಯ ಸಹೋದರಿ,

ಎರಡೂ ಒಂದೇ ಅಲ್ಲ. ಆದರೆ ಎರಡೂ ಎಷ್ಟು ಹತ್ತಿರ ಹತ್ತಿರ ಕೂತಿವೆ ಅಂದರೆ, ಒಂದನ್ನು ಹೇಳಲು ಹೋಗಿ ಇನ್ನೊಂದನ್ನು ಹೇಳಿಬಿಡುವುದು ಸುಲಭ. ಭಾನುವಾರದ ಪ್ರಸಂಗಗಳಲ್ಲೇ ಹಾಗಾಗುವುದನ್ನು ನಾನು ಕೇಳಿದ್ದೇನೆ. ಹಾಗಾಗಿ ನಿಮಗೆ ಗೊಂದಲ ಆಗಿದ್ದರೆ ಅದು ನಿಮ್ಮ ತಪ್ಪಲ್ಲ.

ಎರಡು ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿ. 'ಎಲ್ಲದರಲ್ಲೂ ದೇವರಿದ್ದಾನೆ.' 'ಎಲ್ಲವೂ ದೇವರೇ.' ಮೊದಲ ಮಾತಿನಲ್ಲಿ ಇಬ್ಬರಿದ್ದಾರೆ. ಮನೆ ಇದೆ, ಮನೆಯೊಳಗೆ ಒಬ್ಬನಿದ್ದಾನೆ. ಎರಡನೇ ಮಾತಿನಲ್ಲಿ ಮನೆಯೇ ಮನೆಯವನಾಗಿಬಿಟ್ಟಿದೆ. 'ಅಲ್ಲಿ' ಹೋಗಿ 'ಏ' ಬಂದಿದೆ, ಅಷ್ಟೇ. ಆ ಒಂದಕ್ಷರದಲ್ಲಿ ಎಲ್ಲ ಬದಲಾಗುತ್ತದೆ. ಎರಡನೆಯ ನಂಬಿಕೆಗೆ ಪ್ಯಾಂಥೀಯಿಸಂ ಅನ್ನುತ್ತಾರೆ, ಕನ್ನಡದಲ್ಲಿ ಸರ್ವೇಶ್ವರವಾದ. ಲೋಕಕ್ಕಿಂತ ಬೇರೆಯಾಗಿ ದೇವರಿಲ್ಲ, ಇರುವುದೆಲ್ಲ ಸೇರಿ ಏನಾಗಿದೆಯೋ ಅದೇ ದೇವರು ಅನ್ನುವುದು ಅದರ ತಿರುಳು.

ನಿಮ್ಮ ಮಗಳು ಒಬ್ಬಳೇ ಏನೋ ವಿಚಿತ್ರ ಮಾಡುತ್ತಿದ್ದಾಳೆ ಅಂತ ಅಂದುಕೊಳ್ಳಬೇಡಿ. ಬೇಕಾದ್ದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ನೆನೆದು ವಿಶ್ವದಿಂದ ಬರಮಾಡಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ 'ಮ್ಯಾನಿಫೆಸ್ಟ್' ಮಾಡುವುದು ಅನ್ನುತ್ತಾರೆ. ಕೇಂಬ್ರಿಜ್ ನಿಘಂಟು 2024ರ ವರ್ಷದ ಪದ ಅಂತ ಆರಿಸಿದ್ದು ಅದನ್ನೇ. ಚರ್ಚಿನ ಒಳಗಿರುವವರ ಕಥೆಯೂ ಬೇರೆಯಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬೆಟ್ಟ, ಮರ, ಹರಳುಗಳಂಥ ವಸ್ತುಗಳಲ್ಲಿ ಆಧ್ಯಾತ್ಮಿಕ ಶಕ್ತಿ ಇರುತ್ತದೆ ಅಂತ ನಂಬುವ ಅಮೆರಿಕನ್ನರು ಶೇಕಡಾ 42. ಬರೀ ಕ್ರೈಸ್ತರನ್ನು ಲೆಕ್ಕ ಹಾಕಿದರೂ ಶೇಕಡಾ 37. ಅಂದರೆ ಆರಾಧನೆಯ ಬೆಂಚಿನಲ್ಲಿ ನಮ್ಮ ಪಕ್ಕ ಕೂತವರ ಮಾತೂ ಇದೇ ಆಗಿರಬಹುದು.

ಈ ನಂಬಿಕೆಯನ್ನು ಅತಿ ಪ್ರಾಮಾಣಿಕವಾಗಿ ಕೊನೆಯ ತನಕ ಯೋಚಿಸಿದ ಒಬ್ಬ ಮನುಷ್ಯನಿದ್ದಾನೆ. ಅವನನ್ನು ನೋಡಿದರೆ ಉಳಿದದ್ದು ಅರ್ಥವಾಗುತ್ತದೆ. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮಿನ ಯೆಹೂದ್ಯ ಸಮಾಜ 23 ವರ್ಷದ ಯುವಕನೊಬ್ಬನಿಗೆ ಬಹಿಷ್ಕಾರ ಹಾಕಿತು. ಯಾರೂ ಅವನ ಜತೆ ಮಾತಾಡಬಾರದು, ನಾಲ್ಕು ಮೊಳ ಹತ್ತಿರ ಹೋಗಬಾರದು, ಅವನು ಬರೆದದ್ದನ್ನು ಓದಬಾರದು ಅಂತ ಕಟ್ಟಪ್ಪಣೆ. ಅವನೇ ಸ್ಪಿನೋಜಾ. ಆಮೇಲೆ ಗಾಜಿನ ಮಸೂರ ಉಜ್ಜಿ ಹೊಟ್ಟೆ ಹೊರೆದ. 1677ರಲ್ಲಿ, 44ನೇ ವಯಸ್ಸಿಗೆ ತೀರಿಕೊಂಡ. ಅವನ ಮುಖ್ಯ ಪುಸ್ತಕ 'ಎಥಿಕ್ಸ್' ಅಚ್ಚಾಗಿದ್ದು ಅವನು ಸತ್ತ ಮೇಲೆ. ಅದರಲ್ಲಿ 'ದೇವರು' ಅನ್ನುವುದೂ 'ಪ್ರಕೃತಿ' ಅನ್ನುವುದೂ ಒಂದಕ್ಕೇ ಇರುವ ಎರಡು ಹೆಸರು. ನಾನು, ನೀವು, ಈ ಮೇಜು, ಸಮುದ್ರ, ಎಲ್ಲ ಆ ಒಂದೇ ಇರುವಿಕೆಯ ಬೇರೆ ಬೇರೆ ಬಗೆಗಳು.

ಆ ಪುಸ್ತಕದ ಐದನೇ ಭಾಗದಲ್ಲಿ ಒಂದು ಮಾತಿದೆ. ನನ್ನ ವಿದ್ಯಾರ್ಥಿಗಳಿಗೆ ಅದನ್ನು ಓದಿ ಹೇಳಿದಾಗೆಲ್ಲ ತರಗತಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ದೇವರನ್ನು ನಿಜವಾಗಿ ಪ್ರೀತಿಸುವವನು, ದೇವರು ತನ್ನನ್ನು ತಿರುಗಿ ಪ್ರೀತಿಸಲಿ ಅಂತ ಬಯಸಲಾರ. ಸ್ಪಿನೋಜಾ ಇದನ್ನು ಕಹಿಯಿಂದ ಹೇಳಲಿಲ್ಲ. ಅವನ ಲೆಕ್ಕದಲ್ಲಿ ದೇವರಿಗೆ ಸಂತೋಷ ದುಃಖ ಅನ್ನುವುದಿಲ್ಲ. ಹಾಗಿರುವಾಗ ಪ್ರೀತಿ ವಾಪಸ್ಸು ಬರಲಿ ಅಂತ ಆಸೆಪಡುವುದು, ದೇವರು ದೇವರಾಗಿರುವುದೇ ಬೇಡ ಅಂದ ಹಾಗೆ. 1929ರಲ್ಲಿ ನ್ಯೂಯಾರ್ಕಿನ ರಬ್ಬಿಯೊಬ್ಬರು, ಅಂದರೆ ಯೆಹೂದ್ಯ ಧರ್ಮಗುರು, ಐನ್‌ಸ್ಟೈನ್‌ಗೆ ತಂತಿ ಕಳಿಸಿ, ನೀವು ದೇವರನ್ನು ನಂಬುತ್ತೀರಾ ಅಂತ ಕೇಳಿದರು. ಇರುವುದೆಲ್ಲದರ ಹೊಂದಾಣಿಕೆಯಲ್ಲಿ ಕಾಣಿಸಿಕೊಳ್ಳುವ ಸ್ಪಿನೋಜಾನ ದೇವರನ್ನು ನಂಬುತ್ತೇನೆ, ಮನುಷ್ಯರ ಹಣೆಬರಹ, ನಡತೆ ಅಂತ ತಲೆ ಕೆಡಿಸಿಕೊಳ್ಳುವ ದೇವರನ್ನಲ್ಲ ಅಂತ ಉತ್ತರ ಬಂತು. ಇದು ಶುದ್ಧ ಸರ್ವೇಶ್ವರವಾದ. ಇದಕ್ಕೆ ಒಂದು ಗಾಂಭೀರ್ಯವಿದೆ. ನಾನು ಇದನ್ನು ಒಪ್ಪುವುದಿಲ್ಲ, ಆದರೆ ಇದರ ಮುಂದೆ ತಲೆ ಬಾಗುತ್ತೇನೆ.

ಇದರ ಪಕ್ಕದಲ್ಲಿ ಬೈಬಲಿನ ಯೋಹಾನನ ಮೊದಲ ಪತ್ರದ ನಾಲ್ಕನೇ ಅಧ್ಯಾಯ ಇಡಿ. ಆತನೇ ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಅನ್ನುತ್ತದೆ ಅದು. ಇಲ್ಲಿ ಪ್ರೀತಿ ಹೊರಡುವುದೇ ಆ ಕಡೆಯಿಂದ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ದೇವರು ಎಲ್ಲಿದ್ದಾನೆ ಅನ್ನುವುದಕ್ಕಿಂತ, ಅವನು ನಿಮ್ಮನ್ನು ಪ್ರೀತಿಸಬಲ್ಲನಾ ಅನ್ನುವುದು ದೊಡ್ಡ ಪ್ರಶ್ನೆ. ಪ್ರೀತಿಗೆ ಇಬ್ಬರು ಬೇಕು. ಎಲ್ಲವೂ ದೇವರೇ ಆದರೆ ಆ ಇನ್ನೊಬ್ಬರು ಉಳಿಯುವುದಿಲ್ಲ.

ಈಗ ಮಗಳ ಮಾತಿಗೆ ಬರೋಣ. 'ಯೂನಿವರ್ಸ್ ನನ್ನನ್ನು ನೋಡಿಕೊಳ್ಳುತ್ತೆ.' ಸ್ಪಿನೋಜಾ ಇದನ್ನು ಕೇಳಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಪ್ರಕೃತಿ ಯಾವ ಗುರಿಯನ್ನೂ ಇಟ್ಟುಕೊಂಡು ನಡೆಯುವುದಿಲ್ಲ ಅಂತ ಅವನು ಪುಸ್ತಕದ ಮೊದಲ ಭಾಗದಲ್ಲೇ ಬರೆದಿದ್ದ. ಅದು ಯಾರ ಆಸೆಯನ್ನೂ ಕೇಳಿಸಿಕೊಳ್ಳುವುದಿಲ್ಲ, ಯಾರಿಗೂ ಸೂಚನೆ ಕಳಿಸುವುದಿಲ್ಲ. ಆದರೆ ಮಗಳ ಯೂನಿವರ್ಸ್ ಕೇಳಿಸಿಕೊಳ್ಳುತ್ತೆ, ಸೂಚನೆ ಕೊಡುತ್ತೆ, ನೋಡಿಕೊಳ್ಳುತ್ತೆ. ಕ್ರಿಯಾಪದಗಳನ್ನು ಗಮನಿಸಿ. ಬಾಲದಲ್ಲಿ 'ತ್ತೆ' ಇದೆ, ಕಲ್ಲು ಮಣ್ಣಿಗೆ ಹೇಳುವ ಹಾಗೆ. ಆದರೆ ಮಾಡುತ್ತಿರುವುದೆಲ್ಲ ಒಬ್ಬ ವ್ಯಕ್ತಿ ಮಾಡುವ ಕೆಲಸ. ಹೆಸರು ಸರ್ವೇಶ್ವರವಾದದ್ದು, ಕೆಲಸ ಪ್ರಾರ್ಥನೆ ಕೇಳುವ ತಂದೆಯದ್ದು. ಚಿಕ್ಕಂದಿನಲ್ಲಿ ನಿಮ್ಮ ಮಡಿಲಲ್ಲಿ ಕೂತು ಕಲಿತ ಪ್ರಾರ್ಥನೆ ಅವಳನ್ನು ಪೂರ್ತಿ ಬಿಟ್ಟು ಹೋಗಿಲ್ಲ ಅಂತ ನನಗೆ ಅನ್ನಿಸುತ್ತದೆ.

ಇದು ಅವಳೊಬ್ಬಳ ವಿಷಯವಲ್ಲ. 2009ರಲ್ಲಿ ಬಂದ 'ಅವತಾರ್' ಸಿನಿಮಾ ಅವಳು ನೋಡಿರುತ್ತಾಳೆ. ಅದರಲ್ಲಿ ಪಂಡೋರಾ ಅನ್ನುವ ಲೋಕದ ಮರ, ಬೇರು, ಪ್ರಾಣಿ ಎಲ್ಲವನ್ನೂ ಹೆಣೆದಿರುವ ಶಕ್ತಿಯ ಹೆಸರು ಏವಾ. ಯುದ್ಧಕ್ಕೆ ಮುಂಚೆ ನಾಯಕ ಏವಾಗೆ ಪ್ರಾರ್ಥನೆ ಮಾಡುತ್ತಾನೆ. ನಾಯಕಿ ಅವನನ್ನು ತಿದ್ದುತ್ತಾಳೆ: ನಮ್ಮ ಮಹಾತಾಯಿ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಜೀವದ ಸಮತೋಲನವನ್ನಷ್ಟೇ ಕಾಯುತ್ತಾಳೆ ಅಂತ. ತತ್ವದ ಪ್ರಕಾರ ಅವಳು ಹೇಳಿದ್ದು ಸರಿ. ಆದರೆ ಯುದ್ಧ ಸೋಲುವ ಹೊತ್ತಿಗೆ ಕಾಡಿನ ಪ್ರಾಣಿಗಳೆಲ್ಲ ನುಗ್ಗಿ ಬರುತ್ತವೆ. ಆಗ ಅದೇ ನಾಯಕಿ, ಏವಾ ನಿನ್ನ ಮೊರೆ ಕೇಳಿದಳು ಅಂತ ಕೂಗುತ್ತಾಳೆ. ಕೇಳದೇ ಇರುವ ದೇವರನ್ನು ಕೊನೆಯ ತನಕ ಇಟ್ಟುಕೊಳ್ಳಲು ಆ ಕಥೆಗೂ ಆಗಲಿಲ್ಲ.

ಹಾಗಂತ ನಮ್ಮ ದೇವರು ಎಲ್ಲೋ ಮೇಲೆ, ದೂರದಲ್ಲಿ ಕೂತಿದ್ದಾನೆ ಅಂತ ತಿಳಿಯಬೇಡಿ. ನನ್ನ ಅನುಭವದಲ್ಲಿ ಎಷ್ಟೋ ಮಕ್ಕಳು ಬಿಟ್ಟು ಹೋಗುವುದು ಈ ದೂರದ ದೇವರನ್ನು. ವಿದ್ಯಾರ್ಥಿಯೊಬ್ಬ ಕುದುರೆಮುಖ ಹತ್ತಿ ಬಂದು, "ಸಾರ್, ಅಲ್ಲಿ ಹುಲ್ಲಿನ ಮೇಲೆ ಮಂಜು ಹರಿಯುತ್ತಿತ್ತು. ಸ್ವಲ್ಪ ಹೊತ್ತು ನಾನು ಇಲ್ಲವೇ ಇಲ್ಲ ಅನ್ನಿಸಿತು. ಚರ್ಚಿನಲ್ಲಿ ಯಾವತ್ತೂ ಹಾಗಾಗಿಲ್ಲ" ಅಂದ. ನಾನು ಅವನನ್ನು ತಿದ್ದಲು ಹೋಗಲಿಲ್ಲ. ಅವನು ಕಂಡದ್ದು ಸುಳ್ಳಲ್ಲ. ಕೀರ್ತನೆ 139 ಬರೆದವನೂ ಅದನ್ನೇ ಕಂಡಿದ್ದ: ಆಕಾಶಕ್ಕೆ ಏರಿದರೂ ನೀನಿದ್ದೀ, ಪಾತಾಳಕ್ಕೆ ಇಳಿದರೂ ನೀನಿದ್ದೀ. ಆದರೆ ಆ ಕವಿ ಅಲ್ಲೂ 'ನೀನು' ಅನ್ನುವುದನ್ನು ಬಿಡಲಿಲ್ಲ. ಹಿಪ್ಪೋ ಪಟ್ಟಣದ ಬಿಷಪ್ ಆಗಸ್ಟೀನ್ ತನ್ನ ಆತ್ಮಕಥೆಯ ಹತ್ತನೇ ಭಾಗದಲ್ಲಿ ಭೂಮಿ, ಸಮುದ್ರ, ಗಾಳಿ, ಸೂರ್ಯ, ನಕ್ಷತ್ರ ಎಲ್ಲವನ್ನೂ ಕೇಳುತ್ತಾ ಹೋಗುತ್ತಾನೆ. ನೀನು ನನ್ನ ದೇವರಾ? ಒಂದೊಂದೂ, ನಾನಲ್ಲ, ನಮ್ಮನ್ನು ಮಾಡಿದವನು ಆತನು ಅನ್ನುತ್ತವೆ. ಅವುಗಳ ಚೆಲುವೇ ಅವು ಕೊಟ್ಟ ಉತ್ತರ ಅನ್ನುತ್ತಾನೆ ಆಗಸ್ಟೀನ್. ಅದೇ ಆಗಸ್ಟೀನ್, ದೇವರು ನನ್ನ ಒಳಗಿಗಿಂತಲೂ ಒಳಗಿದ್ದ ಅಂತಲೂ ಬರೆದ. ಮಾಡಿದವನು ಬೇರೆ, ಆದರೆ ಮಾಡಿದ್ದರಿಂದ ದೂರ ಇಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ಕ್ರೈಸ್ತ ನಂಬಿಕೆ.

ಯೇಸುವಿನ ಅಪೊಸ್ತಲ ಪೌಲ ಗ್ರೀಸಿನ ಅಥೇನೆಯಲ್ಲಿ ಮಾಡಿದ್ದೂ ಇದನ್ನೇ. ಅವನ ಮಾತು ಕೇಳಲು ಬಂದವರಲ್ಲಿ ಸ್ತೋಯಿಕರಿದ್ದರು. ಅವರು ಆ ಕಾಲದ ಸರ್ವೇಶ್ವರವಾದಿಗಳು. ದೇವರು ಅಂದರೆ ಲೋಕದ ಕಣಕಣದಲ್ಲಿ ಹರಡಿರುವ ಚೈತನ್ಯ ಅನ್ನುತ್ತಿದ್ದರು. ಪೌಲ ಅವರನ್ನು ಬೈಯಲಿಲ್ಲ. ಅವರಿಗೆ ಗೊತ್ತಿದ್ದ ಕವಿ ಅರಾಟಸ್ ಬರೆದ ಸಾಲನ್ನೇ ಎತ್ತಿಕೊಂಡ. ಪೌಲನ ಊರು ತಾರ್ಸ ಇದ್ದ ಕಿಲಿಕ್ಯ ಸೀಮೆಯವನೇ ಆ ಕವಿ. ಜ಼್ಯೂಸ್ ದೇವರ ಬಗ್ಗೆ ಬರೆದ ಸಾಲು ಅದು: ನಾವು ಆತನ ಸಂತಾನ. 'ಆತನಲ್ಲಿಯೇ ನಾವು ಜೀವಿಸುತ್ತೇವೆ, ಚಲಿಸುತ್ತೇವೆ, ಇರುತ್ತೇವೆ' ಅನ್ನುವ ಮಾತೂ ಅದೇ ಭಾಷಣದ್ದು. ಸ್ತೋಯಿಕರಿಗೆ ಇದು ಹಿಡಿಸಿರಬೇಕು. ಆದರೆ ನೋಡಿ, ಅವನು ಹೇಳಿದ್ದು 'ಆತನಲ್ಲಿ ನಾವು' ಅಂತ. 'ನಾವೇ ಆತ' ಅನ್ನಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಮ್ಮವರು ಎಷ್ಟೋ ಸಲ, 'ಹಿಂದೂಗಳದ್ದೆಲ್ಲ ಸರ್ವೇಶ್ವರವಾದ' ಅಂದುಬಿಡುತ್ತಾರೆ. ಅದು ತಪ್ಪು, ಮಗಳ ಮುಂದೆ ಹಾಗೆ ಹೇಳಬೇಡಿ. ಶಂಕರರು ಲೋಕವೇ ದೇವರು ಅನ್ನಲಿಲ್ಲ. ಬ್ರಹ್ಮದ ಮುಂದೆ ಲೋಕಕ್ಕೆ ಆ ಮಟ್ಟದ ನಿಜವೇ ಇಲ್ಲ ಅಂದರು. ನಮ್ಮ ಉಡುಪಿಯ ಮಧ್ವರಂತೂ 13ನೇ ಶತಮಾನದಲ್ಲೇ ಐದು ಭೇದ ಎಣಿಸಿ ಹೇಳಿದರು. ದೇವರಿಗೂ ಜೀವಕ್ಕೂ, ದೇವರಿಗೂ ಜಡಕ್ಕೂ, ಜೀವ ಜೀವಕ್ಕೂ, ಜೀವ ಜಡಕ್ಕೂ, ಜಡ ಜಡಕ್ಕೂ ವ್ಯತ್ಯಾಸ ಇದ್ದೇ ಇದೆ ಅಂತ. ಸರ್ವೇಶ್ವರವಾದವನ್ನು ಇಷ್ಟು ಖಡಾಖಂಡಿತವಾಗಿ ತಳ್ಳಿಹಾಕಿದವರು ಕಡಿಮೆ. ಈ ಮಾತಿನಲ್ಲಿ ಕ್ರೈಸ್ತರು ಮಧ್ವರ ಪಕ್ಕದಲ್ಲೇ ನಿಲ್ಲುತ್ತಾರೆ. ಒಂದು ಕಡೆ ದಾರಿ ಬೇರೆಯಾಗುತ್ತದೆ. ಮಧ್ವರಲ್ಲಿ ಜೀವ, ಜಡ ಎರಡೂ ದೇವರ ಅಧೀನ, ಆದರೆ ಅನಾದಿ. ಕ್ರೈಸ್ತ ನಂಬಿಕೆಯಲ್ಲಿ ದೇವರೊಬ್ಬನ ಹೊರತು ಯಾವುದೂ ಅನಾದಿಯಲ್ಲ.

'ಸೃಷ್ಟಿ' ಅನ್ನುವ ಪದವನ್ನು ನಾವು ಸುಲಭವಾಗಿ ಬಳಸುತ್ತೇವೆ. ಅದರ ಸಂಸ್ಕೃತ ಧಾತುವಿನ ಅರ್ಥ ಹೊರಬಿಡು, ಹರಿಯಬಿಡು ಅಂತ. ಮುಂಡಕ ಉಪನಿಷತ್ತಿನಲ್ಲಿ ಒಂದು ಸುಂದರವಾದ ಹೋಲಿಕೆ ಬರುತ್ತದೆ, ಜೇಡ ತನ್ನೊಳಗಿಂದಲೇ ನೂಲು ಬಿಟ್ಟು ಮತ್ತೆ ಒಳಗೆಳೆದುಕೊಳ್ಳುವ ಹಾಗೆ ಈ ಲೋಕ ಅಂತ. ಸತ್ಯವೇದದ, ಅಂದರೆ ಬೈಬಲಿನ, ಚಿತ್ರ ಕುಂಬಾರನದ್ದು. ಮಡಕೆ ಕುಂಬಾರನ ಮೈಯಿಂದ ಬಂದದ್ದಲ್ಲ. ಆದರೆ ಕುಂಬಾರನಿಗೂ ಮಣ್ಣು ಬೇಕು. ಕ್ರೈಸ್ತ ಸಭೆ ಯೋಚಿಸುತ್ತಾ ಯೋಚಿಸುತ್ತಾ, ಆ ಮಣ್ಣೂ ಮೊದಲು ಇರಲಿಲ್ಲ, ಏನೂ ಇಲ್ಲದೆಯೇ ದೇವರು ಉಂಟುಮಾಡಿದ ಅನ್ನುವ ಮಾತಿಗೆ ಬಂತು. ನಮ್ಮ ಹಳೆಯ ಕನ್ನಡ ಸತ್ಯವೇದದ ಮೊದಲ ಸಾಲಿನಲ್ಲಿ ಇರುವುದೂ 'ಉಂಟುಮಾಡಿದನು' ಅಂತಲೇ. ನನಗೆ ಆ ಕನ್ನಡ ಪದ ತುಂಬ ಇಷ್ಟ. ಇಲ್ಲದ್ದು ಉಂಟಾಯಿತು. ಅಂದರೆ ನೀವು ಇರಲೇಬೇಕು ಅಂತೇನಿರಲಿಲ್ಲ. ಆದರೂ ಇದ್ದೀರಿ, ಯಾಕೆಂದರೆ ಒಬ್ಬನಿಗೆ ನೀವು ಬೇಕಾಗಿತ್ತು.

ಈ ವ್ಯತ್ಯಾಸ ಅಷ್ಟು ಮುಖ್ಯವಾ ಅಂತ ಕೇಳಿದ್ದೀರಿ. ಸುಖದಲ್ಲಿದ್ದಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ಕೆಲವು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಒಂದು ಸಾವಾಯಿತು. ಕಾಲೇಜಿಗೆ ಹೋಗುತ್ತಿದ್ದ ಹುಡುಗ. ಹೆಣ ಇನ್ನೂ ಮನೆಯಲ್ಲಿತ್ತು. ಅವನ ಚಪ್ಪಲಿ ಬಾಗಿಲ ಪಕ್ಕ ಹಾಗೇ ಬಿದ್ದಿತ್ತು, ಒಂದು ಮಗುಚಿಕೊಂಡು. ಬಂದವರಲ್ಲಿ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ತಾಯಿಯ ಕೈ ಹಿಡಿದು, "ಎಲ್ಲ ಎನರ್ಜಿ ಅಮ್ಮ, ಅದು ನಾಶ ಆಗಲ್ಲ. ಅವನು ಈಗ ಎಲ್ಲದರಲ್ಲೂ ಇದ್ದಾನೆ" ಅಂದರು. ಆಕೆ ತಲೆ ಎತ್ತಿ, "ನನಗೆ ಎನರ್ಜಿ ಬೇಡ ಕಣಪ್ಪ, ನನ್ನ ಮಗ ಬೇಕು" ಅಂದರು.

ಆ ತಾಯಿ ದೇವಶಾಸ್ತ್ರ ಓದಿದವರಲ್ಲ. ಆದರೂ ಅವರ ಮಾತಿನಲ್ಲಿ ಎಲ್ಲ ಇತ್ತು. ಎಲ್ಲವೂ ದೇವರೇ ಆದರೆ ಆ ಸಾವೂ ದೇವರೇ. ಹುಡುಗನ ರಕ್ತದಲ್ಲಿ ಹಬ್ಬಿದ ಕಾಯಿಲೆಯೂ ದೇವರೇ. ಸ್ತೋಯಿಕರೂ ಸ್ಪಿನೋಜಾನೂ ಇದನ್ನು ಬಚ್ಚಿಡಲಿಲ್ಲ. ಒಳ್ಳೆಯದು ಕೆಟ್ಟದ್ದು ಅನ್ನುವುದು ನಮ್ಮ ಸಣ್ಣ ಕಣ್ಣಿಗೆ ಕಾಣುವುದು, ಇಡಿಯಾಗಿ ನೋಡಿದರೆ ಹಾಗಿಲ್ಲ ಅಂದರು. ಈಗ ಯೋಹಾನನ ಸುವಾರ್ತೆಯ ಹನ್ನೊಂದನೇ ಅಧ್ಯಾಯ ತೆಗೆಯಿರಿ. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿದೆ. ಲಾಜರನ ಸಹೋದರಿ ಮರಿಯ ಅಳುತ್ತಿದ್ದಾಳೆ. ಯೇಸುವೂ ಅತ್ತ. ಅದಕ್ಕೆ ಎರಡು ವಚನ ಮುಂಚೆ ಅವನು ಮನಸ್ಸಿನಲ್ಲಿ ನೊಂದುಕೊಂಡ ಅಂತ ಓದುತ್ತೇವೆ. ಮೂಲ ಗ್ರೀಕಿನ ಪದದಲ್ಲಿ ಸಿಟ್ಟೂ ಇದೆ; ಕುದುರೆ ಮೂಗಿನಿಂದ ಬುಸುಗುಟ್ಟುವುದಕ್ಕೆ ಬಳಸುತ್ತಿದ್ದ ಪದ ಅದು. ಸಮಾಧಿಯ ಮುಂದೆ ನಿಂತು ದೇವರ ಮಗ ಸಾವಿನ ಮೇಲೆ ಸಿಟ್ಟಾಗಿದ್ದಾನೆ. ಸಾವು ದೇವರ ಇನ್ನೊಂದು ಮುಖವಾಗಿದ್ದರೆ ಈ ಸಿಟ್ಟಿಗೆ ಅರ್ಥವೇ ಇಲ್ಲ. ಲೋಕ ದೇವರಲ್ಲದ ಕಾರಣಕ್ಕೇ, ಲೋಕದಲ್ಲಿ ಕೆಟ್ಟಿರುವುದನ್ನು ಕೆಟ್ಟಿದೆ ಅಂತ ಹೇಳಲು ನಮಗೆ ಆಗುತ್ತದೆ.

ಇದರಿಂದ ಕ್ರೈಸ್ತರ ಹೊರೆ ಹಗುರಾಗುವುದಿಲ್ಲ, ಜಾಸ್ತಿ ಆಗುತ್ತದೆ. ಪ್ರೀತಿಸುವ, ಕೈಲಾಗುವ ದೇವರೊಬ್ಬನಿದ್ದರೆ, ಆ ಹುಡುಗನನ್ನು ಯಾಕೆ ಉಳಿಸಲಿಲ್ಲ? ನನ್ನ ಹತ್ತಿರ ಇದಕ್ಕೆ ಉತ್ತರವಿಲ್ಲ. ಸತ್ಯವೇದದಲ್ಲಿ ಕಷ್ಟದ ಮೇಲೆ ಕಷ್ಟ ಕಂಡ ಯೋಬನಿಗೂ ಸಿಗಲಿಲ್ಲ. ಆದರೆ ಯೋಬ ಕೇಳಿದ, ಮುಖಕ್ಕೆ ಮುಖ ಕೊಟ್ಟು ಕೇಳಿದ. ಯೇಸು ಶಿಲುಬೆಯ ಮೇಲೆ, ನನ್ನ ದೇವರೇ, ಯಾಕೆ ನನ್ನ ಕೈ ಬಿಟ್ಟೆ ಅಂತ ಕೂಗಿದ. ಮಗಳ ಯೂನಿವರ್ಸ್ ಮೇಲೆ ಒಂದು ದಿನ ಅವಳಿಗೆ ಸಿಟ್ಟು ಬಂದರೆ, ಯಾರನ್ನು ಕೇಳುತ್ತಾಳೆ?

ಪರಿಸರದ ಮಾತನ್ನು ಅವಳು ಎತ್ತಬಹುದು, ಅದಕ್ಕೂ ಸಿದ್ಧರಾಗಿರಿ. ಲೋಕ ದೇವರಲ್ಲ ಅಂತ ಹೇಳಿ ಹೇಳಿ ಕ್ರೈಸ್ತರೇ ಕಾಡು ಕಡಿಯಲು ದಾರಿ ಮಾಡಿಕೊಟ್ಟರು ಅಂತ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ. ಆ ಆರೋಪದಲ್ಲಿ ನಿಜ ಇದೆ, ಒಪ್ಪಿಕೊಳ್ಳೋಣ. ಆದರೆ ಅದೇ ವೈಟ್ ಮದ್ದು ಹುಡುಕಿದ್ದು ಅಸ್ಸಿಸಿಯ ಫ್ರಾನ್ಸಿಸ್ ಹತ್ತಿರ. ಪರಿಸರ ಕಾಯುವವರಿಗೆ ಅವನೇ ಪಾಲಕ ಸಂತ ಆಗಲಿ ಅಂದ. 1979ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಹಾಗೇ ಸಾರಿದರು. ಫ್ರಾನ್ಸಿಸ್ 1225ರ ಸುಮಾರಿಗೆ, ಕಣ್ಣು ಬಹುಪಾಲು ಹೋಗಿದ್ದಾಗ, ಸೂರ್ಯನನ್ನು ಅಣ್ಣ ಅಂತಲೂ ಚಂದ್ರನನ್ನು ಅಕ್ಕ ಅಂತಲೂ ಕರೆದು ಹಾಡು ಕಟ್ಟಿದ. ಭೂಮಿಯನ್ನು ಅಕ್ಕ ಅಂತಲೂ ತಾಯಿ ಅಂತಲೂ ಒಂದೇ ಉಸಿರಿನಲ್ಲಿ ಕರೆದ. ಅಣ್ಣನನ್ನು ಯಾರೂ ಪೂಜೆ ಮಾಡುವುದಿಲ್ಲ. ಮಾರಿಕೊಳ್ಳುವುದೂ ಇಲ್ಲ.

ನೋಟ್‌ಬುಕ್ ವಿಷಯ. ದಯವಿಟ್ಟು ಅದನ್ನು ಮುಟ್ಟಬೇಡಿ. ಬರೆದ ಹಾಗೆ ಆಗೇ ಆಗುತ್ತದೆ ಅನ್ನುವುದು ನನಗೂ ಒಪ್ಪಿಗೆಯಿಲ್ಲ. ಆಗದಿದ್ದಾಗ, ನಾನೇ ಸರಿಯಾಗಿ ನಂಬಲಿಲ್ಲ ಅಂತ ಅವಳು ತನ್ನನ್ನೇ ಬೈದುಕೊಳ್ಳುತ್ತಾಳೇನೋ ಅಂತ ಭಯವೂ ಇದೆ. ಆದರೆ ನಮ್ಮ ಪ್ರಾರ್ಥನೆಯನ್ನೂ ಒಮ್ಮೆ ನೋಡಿಕೊಳ್ಳೋಣ. ಬೇಕಾದ್ದರ ಪಟ್ಟಿ ಓದಿ ಆಮೆನ್ ಹೇಳಿ ಎದ್ದರೆ, ಅದಕ್ಕೂ ಆ ನೋಟ್‌ಬುಕ್ಕಿಗೂ ಏನು ದೂರ? ಗೆತ್ಸೇಮನೆ ತೋಟದಲ್ಲಿ ಯೇಸು ತನಗೆ ಬೇಕಾದ್ದನ್ನು ಕೇಳಿದ. ಕೇಳಿ, ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ ಅಂದ. 'ಇಲ್ಲ' ಅನ್ನುವ ಹಕ್ಕು ಇರುವವನ ಮುಂದೆ ಮಾತ್ರ ಹಾಗೆ ಹೇಳಲು ಸಾಧ್ಯ.

ಪಾಸ್ಟರನ್ನು ಮನೆಗೆ ಕರೆಸುವುದು ಈಗ ಬೇಡ. ಅವಳ ಜತೆ ವಾದಕ್ಕೂ ಕೂರಬೇಡಿ. ಮುಂದಿನ ಸಲ ಅವಳು ಬಂದಾಗ ಅಡುಗೆ ಮನೆಯಲ್ಲಿ ಇಬ್ಬರೇ ಇರುವ ಹೊತ್ತು ನೋಡಿ ಕೇಳಿ: ನಿನ್ನ ಯೂನಿವರ್ಸ್‌ಗೆ ನೀನು ಯಾರು ಅಂತ ಗೊತ್ತಾ? ಸೋಲಿಸುವ ದನಿಯಲ್ಲಿ ಬೇಡ, ತಿಳಿದುಕೊಳ್ಳುವ ದನಿಯಲ್ಲಿ. ಅವಳು ಏನು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳಿ.

ಇನ್ನೊಂದು. ಅವಳು ದಿನಕ್ಕೆ ಹದಿನೆಂಟು ಸಲ ಆಸೆ ಬರೆಯುತ್ತಾಳೆ ಅಂತ ನೀವು ಬರೆದಿದ್ದೀರಿ. ಎಷ್ಟು ಸಲ, ಯಾವ ಹೊತ್ತಿಗೆ ಅಂತ ಬಿಡಿಸಿ ಹೇಳಿದ್ದೀರಿ. ಆದರೆ ಆ ಆಸೆ ಏನು ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ನಿಮಗೆ ಗೊತ್ತಿಲ್ಲದಿದ್ದರೆ, ಯೂನಿವರ್ಸ್ ಮಾತಿಗಿಂತ ಮೊದಲು ಅದನ್ನೇ ಕೇಳಿ.